ಅಂಗಾಲು ಉರಿ, ಬೆರಳು ಜೋಮು: ಸಕ್ಕರೆಯಿಂದಲೋ, ಬಿ12 ಕೊರತೆಯಿಂದಲೋ? ವಾಸಿಯಾಗುತ್ತಾ?

ಪಾಂಡವಪುರದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ವಿಚಾರ ಕೇಳ್ಬೇಕಿತ್ತು. ವಯಸ್ಸು 59, ಗದ್ದೆ ಕೆಲಸ, ಕಬ್ಬು ಮತ್ತು ಭತ್ತ. ಸಕ್ಕರೆ ಕಾಯಿಲೆ ಬಂದು 11 ವರ್ಷ. ಕುಡಿತ ಇಲ್ಲ, ಬೀಡಿ ಬಿಟ್ಟಿದ್ದಾರೆ. ಮಾಂಸ ಮೊಟ್ಟೆ ತಿನ್ನಲ್ಲ.

ಬೆರಳು ಜೋಮು ಹಿಡಿದ ಹಾಗೆ ಇರೋದು ಎರಡು ವರ್ಷದಿಂದ ಇದೆ. ಉರಿ ಮಾತ್ರ ಈಗ ಎರಡು ತಿಂಗಳಿಂದ. ಎರಡೂ ಅಂಗಾಲು, ರಾತ್ರಿ ಮಲಗಿದ ಮೇಲೆ ಜಾಸ್ತಿ, ಹೊದಿಕೆ ತಾಗಿದರೂ ತಡೆಯೋಕಾಗಲ್ಲ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸ್ವಲ್ಪ ತಗ್ಗುತ್ತೆ.

ರಿಪೋರ್ಟ್: ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮೂರು ತಿಂಗಳ ಹಿಂದೆ 11.2. ಇನ್ಸುಲಿನ್ ಶುರು ಮಾಡಿ ಊಟ ಕಟ್ಟುನಿಟ್ಟು ಮಾಡಿದ ಮೇಲೆ ಈಗ 7.4. ಬಿ12 186, ಕಿಡ್ನಿಯ ಕ್ರಿಯಾಟಿನಿನ್ 1.1, ಥೈರಾಯ್ಡಿನ ಟಿಎಸ್ಎಚ್ 3.2. ನರದಲ್ಲಿ ಸಂಕೇತ ಹೇಗೆ ಹರಿಯುತ್ತೆ ಅಂತ ಅಳೆಯೋ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿಲ್ಲ.

ಔಷಧ: ಸಕ್ಕರೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಮೂರೂ ಸೇರಿರೋ ಮಾತ್ರೆ ದಿನಕ್ಕೆ ಎರಡು. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ 14 ಯೂನಿಟ್. ಬಿಪಿಗೆ ಆಮ್ಲೋಡಿಪಿನ್ 5. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ 40, ನಾಲ್ಕು ವರ್ಷದಿಂದ ಬಿಡದೆ. ಉರಿಗೆ ಮೂರು ವಾರದಿಂದ ಪ್ರಿಗಾಬಾಲಿನ್ 75 ಮತ್ತು ಬಿ12ರ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್ ಸೇರಿರೋ ಕ್ಯಾಪ್ಸೂಲ್ ರಾತ್ರಿ ಒಂದು. ನಿದ್ದೆ ಪರವಾಗಿಲ್ಲ, ಆದರೆ ಪಾದ ಹರಡಿನ ತನಕ ಊದಿಕೊಂಡಿದೆ.

ಸಕ್ಕರೆ ಇಳಿದ ಮೇಲೆ ಉರಿ ಏರಿದ್ದು ಯಾಕೆ? ಕಂಡಕ್ಷನ್ ಟೆಸ್ಟ್ ಬೇಕೇ ಬೇಕಾ? ಯಾವ ಚಪ್ಪಲಿ ಹಾಕಿಸೋದು? ಇದು ವಾಸಿಯಾಗುತ್ತಾ, ಇಲ್ಲ ಹೀಗೇನಾ?

ಮೈಸೂರು_ಫಿಜಿಶಿಯನ್

ವಿವರ ಪೂರ್ತಿ ಕೊಟ್ಟಿದ್ದೀರಿ, ಉತ್ತರದ ಅರ್ಧ ಅದರಲ್ಲೇ ಇದೆ. ನೀವು ‘ಸಕ್ಕರೆಯೋ, ಬಿ12ಓ’ ಎಂದು ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಎರಡೂ ಹೌದು, ಮೂರನೆಯದೊಂದೂ ಇದೆ, ಸಕ್ಕರೆ ವೇಗವಾಗಿ ಇಳಿದದ್ದು. ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ, ವಾಸಿಯಾಗುವ ಲೆಕ್ಕವೂ ಬೇರೆ ಬೇರೆ.

ಮೊದಲು ಸಕ್ಕರೆ ಇಳಿದಾಗ ಉರಿ ಏರಿದ್ದು. ವರ್ಷಗಟ್ಟಲೆ ಮೇಲಿದ್ದ ಸಕ್ಕರೆ ದಿಢೀರನೆ ಇಳಿದರೆ ಸಣ್ಣ ನರಗಳು ಕೆರಳುತ್ತವೆ. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ 2 ಅಂಕಕ್ಕಿಂತ ಹೆಚ್ಚು ಇಳಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಇಳಿತ ಹೆಚ್ಚಾದಷ್ಟೂ ಸಂಭವ ಹೆಚ್ಚು. ಇವರಿಗೆ 3.8 ಇಳಿದಿದೆ. ಉರಿ ಶುರುವಾದ ಕಾಲವೂ ಹೊಂದುತ್ತದೆ. ಹಳೆಯ ಪುಸ್ತಕಗಳಲ್ಲಿ ಇದನ್ನು ಇನ್ಸುಲಿನ್ ನ್ಯೂರೈಟಿಸ್ ಎಂದು ಬರೆಯುತ್ತಿದ್ದರು, ಆದರೆ ತಪ್ಪು ಇನ್ಸುಲಿನ್‌ದಲ್ಲ, ವೇಗದ್ದು. ಮಾತ್ರೆಯಿಂದ ಇಳಿದರೂ ಹೀಗೇ ಆಗುತ್ತದೆ. ಇನ್ಸುಲಿನ್ ನಿಲ್ಲಿಸಬೇಡಿ, ಸಕ್ಕರೆಯನ್ನು ಮತ್ತೆ ಮೇಲೇರಲು ಬಿಡಲೂಬೇಡಿ. 7.4ರ ಆಸುಪಾಸಿನಲ್ಲೇ ಇರಲಿ, ಇನ್ನೂ ಕೆಳಕ್ಕೆ ಅವಸರ ಬೇಡ. ಈ ಬಗೆಯ ಉರಿ ಕೆಲವು ತಿಂಗಳಲ್ಲಿ ತಗ್ಗಲು ಶುರುವಾಗುತ್ತದೆ, ಕೆಲವರಲ್ಲಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಇದೇ ಹೊತ್ತಿನಲ್ಲಿ ಕಣ್ಣಿನ ರೆಟಿನಾ ಕೂಡ ಕೆಡಬಹುದು. ಹಾಗಾಗಿ ಕಣ್ಣಿಗೆ ಹನಿ ಬಿಟ್ಟು ಮಾಡುವ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ, ವರ್ಷದ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ.

ಎರಡನೆಯದು ಬಿ12. 200ಕ್ಕಿಂತ ಕೆಳಗೆ ಅಂದರೆ ಕೊರತೆ, ಅದರಲ್ಲಿ ಅನುಮಾನವಿಲ್ಲ. 200ರಿಂದ 300 ಬಂದಿದ್ದರೆ, ಬಿ12 ಕೊರತೆಯಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಸಿಡ್ ನೋಡಿ ಖಚಿತ ಮಾಡಿಕೊಳ್ಳಬೇಕಿತ್ತು, ಇಲ್ಲಿ ಅದು ಬೇಡ. ಕಾರಣಗಳೂ ಎದುರಿಗೇ ಇವೆ. ಮೆಟ್‌ಫಾರ್ಮಿನ್ ಸಣ್ಣ ಕರುಳಿನ ಕೊನೆಯಲ್ಲಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಆಹಾರದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಅದನ್ನೇ ಬಹಳ ತಗ್ಗಿಸುತ್ತದೆ. ಮೂರನೆಯದು ಊಟ. ಮುದ್ದೆ, ಬಸ್ಸಾರು, ಸೊಪ್ಪು, ಕಾಳು ಎಲ್ಲವೂ ಒಳ್ಳೆಯ ಆಹಾರವೇ, ಆದರೆ ಗಿಡಮೂಲದ ಆಹಾರದಲ್ಲಿ ಬಿ12 ಇಲ್ಲ. ಇಡ್ಲಿ ದೋಸೆ ಹಿಟ್ಟು ಹುದುಗಿದರೆ ಬರುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಹಾಲು ಮೊಸರಿನಲ್ಲಿ ನೂರು ಗ್ರಾಂಗೆ ಅರ್ಧ ಮೈಕ್ರೋಗ್ರಾಂ ಆಸುಪಾಸು ಸಿಗುತ್ತದೆ, ದಿನಕ್ಕೆ ಬೇಕಿರುವುದು ಎರಡು ಎರಡೂವರೆ. ಆರೋಗ್ಯವಂತನಿಗೆ ಅರ್ಧ ಲೀಟರ್ ಹಾಲು ಸಾಕಾದೀತು. ಹೀರಿಕೆಯೇ ಕೆಟ್ಟವರಿಗೆ, ಅದೂ ಕೊರತೆ ಆಗಿಹೋದ ಮೇಲೆ, ಸಾಲದು.

ನರದ ತೊಂದರೆ ಇದ್ದಾಗ ಇಂಜೆಕ್ಷನ್ನಿನಿಂದ ಶುರು ಮಾಡುವುದು ವಾಡಿಕೆ: 1000 ಮೈಕ್ರೋಗ್ರಾಂ ಸ್ನಾಯುವಿಗೆ, ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ವಾರಕ್ಕೊಂದು ನಾಲ್ಕು ವಾರ, ಆಮೇಲೆ ತಿಂಗಳಿಗೊಂದು. ನಮ್ಮಲ್ಲಿ 1500ರ ಆಂಪೂಲ್ ಹೆಚ್ಚು ಸಿಗುತ್ತದೆ, ಅದೂ ಆಗುತ್ತದೆ. ಒಂದು ಹಂತ ದಾಟಿದ ಮೇಲೆ ದಿನಕ್ಕೆ 1000ದಿಂದ 2000 ಮೈಕ್ರೋಗ್ರಾಂ ಮಾತ್ರೆ ಸಾಕು. ಅಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ನೂರಕ್ಕೆ ಒಂದು ಭಾಗ ತಾನಾಗಿಯೇ ಒಳಸೇರುತ್ತದೆ, ಅದೇ ದಿನದ ಅಗತ್ಯಕ್ಕಿಂತ ಹೆಚ್ಚು. ಮೆಟ್‌ಫಾರ್ಮಿನ್ ಇರುವ ತನಕ ಈ ಮಾತ್ರೆಯೂ ಇರಬೇಕು. ಇಂಜೆಕ್ಷನ್ ಬಿದ್ದ ಮೇಲೆ ರಕ್ತದಲ್ಲಿ ಬಿ12 ಸಾವಿರ ದಾಟಿ ತೋರಿಸುತ್ತದೆ. ಅದನ್ನು ನೋಡಿ ‘ಸರಿಹೋಯಿತು’ ಎಂದು ಕೋರ್ಸ್ ನಿಲ್ಲಿಸುವವರು ಬಹಳ. ಆ ಅಂಕಿ ಔಷಧ ಒಳಗೆ ಹೋಗಿದೆ ಎಂದಷ್ಟೇ ಹೇಳುತ್ತದೆ, ನರ ಚೇತರಿಸಿತೆಂದಲ್ಲ. ಇನ್ನೊಂದು ಮಾತು: ಬಿ12 ಕೊಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಯಾದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಪಾದದ ಊತಕ್ಕೆ ಬರೋಣ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಯೋಗ್ಲಿಟಜೋನ್, ಇನ್ಸುಲಿನ್, ಆಮ್ಲೋಡಿಪಿನ್, ಪ್ರಿಗಾಬಾಲಿನ್ ನಾಲ್ಕೂ ಊತ ತರುವಂಥವೇ. ಪ್ರಿಗಾಬಾಲಿನ್ ಮತ್ತು ಪಯೋಗ್ಲಿಟಜೋನ್ ಜೊತೆಯಾದರೆ ಇನ್ನೂ ಜಾಸ್ತಿ, ಪಯೋಗ್ಲಿಟಜೋನ್ ಇನ್ಸುಲಿನ್ ಜೊತೆ ಸೇರಿದರೆ ಹೃದಯದ ಮೇಲೂ ಭಾರ. ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟಿದಂತೆ, ಒಂದು ವಾರದಲ್ಲಿ ಎರಡು ಕೆಜಿ ತೂಕ ಏರಿಕೆ, ಇವುಗಳಲ್ಲಿ ಒಂದಿದ್ದರೂ ನಾಳೆಯೇ ತೋರಿಸಿ. ಇಲ್ಲದಿದ್ದರೂ ವಾರದೊಳಗೆ ಹೋಗಿ ಪಯೋಗ್ಲಿಟಜೋನ್ ಇಲ್ಲದ ಮಾತ್ರೆಗೆ ಬದಲಿಸಿಕೊಡಿ ಎಂದು ಕೇಳಿ. ಊದಿದ ಪಾದಕ್ಕೆ ಹಳೆ ಚಪ್ಪಲಿ ಬಿಗಿಯಾಗುತ್ತದೆ, ಜೋಮು ಹಿಡಿದ ಬೆರಳಿಗೆ ಆ ಬಿಗಿ ತಿಳಿಯುವುದೇ ಇಲ್ಲ. ಗಾಯ ಹುಟ್ಟುವುದು ಹೀಗೆ.

ಕಂಡಕ್ಷನ್ ಟೆಸ್ಟ್: ಇಬ್ಬದಿಯೂ ಒಂದೇ ಸಮ, ಬೆರಳಿಂದ ಶುರು, ನಿಧಾನಕ್ಕೆ ಮೇಲಕ್ಕೆ, ಬಲ ಕುಂದಿಲ್ಲ, ಕಾರಣ ಎದುರಿಗಿದೆ ಎಂದಾದರೆ ತುರ್ತಿಲ್ಲ. ಆ ಪರೀಕ್ಷೆ ದಪ್ಪ ನರಗಳನ್ನಷ್ಟೇ ಅಳೆಯುತ್ತದೆ. ಉರಿಯನ್ನು ಒಯ್ಯುವ ಸಣ್ಣ ನರಗಳು ಕೆಟ್ಟಿದ್ದರೂ ವರದಿ ನಾರ್ಮಲ್ ಬರಬಹುದು, ಅದನ್ನು ಕಂಡು ‘ಎಲ್ಲ ಮನಸ್ಸಿನದ್ದು’ ಎಂದು ರೋಗಿಗೆ ಹೇಳುವುದು ಅನ್ಯಾಯ. ಮಾಡಿಸಲೇಬೇಕಾದ್ದು ಯಾವಾಗ ಅಂದರೆ: ಒಂದೇ ಕಾಲು, ಅಥವಾ ಕೈಯಿಂದ ಶುರು, ಅಥವಾ ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಅಥವಾ ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಬಲ ಸಾಲದಿರುವುದು. ಎರಡು ತಿಂಗಳಿಗೂ ಮೀರಿ ಬಲ ಕುಂದುತ್ತಲೇ ಹೋಗುವ ಸಿಐಡಿಪಿ ಎಂಬ, ದೇಹದ ರೋಗನಿರೋಧಕ ಶಕ್ತಿಯೇ ನರವನ್ನು ಕೆಡಿಸುವ ಕಾಯಿಲೆಗೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ ಇದೆ. ಸಕ್ಕರೆಯ ಲೆಕ್ಕಕ್ಕೆ ಬರೆದು ಕೂತರೆ ಅದು ಕೈತಪ್ಪುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಮೈ ಪೂರ್ತಿ ನೋಡುವುದು. ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಎಲ್ಲಾದರೂ ಇದೆಯಾ? ಮೊಣಕೈ ಒಳಬದಿಯಲ್ಲಿ, ಮೊಣಕಾಲ ಹೊರಬದಿಯ ಕೆಳಗೆ ನರ ಹಗ್ಗದಂತೆ ದಪ್ಪವಾಗಿದೆಯಾ? ಇವು ಕುಷ್ಠದ ಗುರುತು. ಕುಷ್ಠ ಇನ್ನೂ ಇದೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ. ನರದ ಶಕ್ತಿ ಹೋಗಿ ಆರು ತಿಂಗಳೊಳಗೆ ಸ್ಟೀರಾಯ್ಡ್ ಶುರುವಾದರೆ ಮರಳುವ ಸಾಧ್ಯತೆ ಚೆನ್ನಾಗಿದೆ, ತಡವಾದಷ್ಟೂ ಕಡಿಮೆ.

ವಾಸಿಯಾಗುತ್ತಾ ಎಂದಿರಿ. ಬಿ12ರ ಪಾಲು: ಕೆಲವು ವಾರಗಳಿಂದ ಶುರುವಾಗಿ ಆರರಿಂದ ಹನ್ನೆರಡು ತಿಂಗಳವರೆಗೆ ಸುಧಾರಿಸುತ್ತದೆ, ಅಷ್ಟರಲ್ಲಿ ಬಾರದ್ದು ಬಹುಪಾಲು ಬರುವುದಿಲ್ಲ. ವೇಗವಾಗಿ ಸಕ್ಕರೆ ಇಳಿದದ್ದರ ಪಾಲು: ಇಳಿಯುತ್ತದೆ. ಹನ್ನೊಂದು ವರ್ಷದ ಸಕ್ಕರೆಯ ಪಾಲು: ಮುಂದೆ ಹೋಗದಂತೆ ತಡೆಯಬಹುದು, ಹೋದ ಸ್ಪರ್ಶ ಪೂರ್ತಿ ಮರಳುವುದು ಅಪರೂಪ. ತುಂಡಾದ ನರ ಎಲ್ಲ ಅನುಕೂಲವಾದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುವುದು, ಸೊಂಟದಿಂದ ಬೆರಳಿಗೆ ಒಂದು ಮೀಟರ್ ದಾರಿ. ‘ನರಕ್ಕೆ ಮರುಹುಟ್ಟು’ ಎಂದು ಮಾರುವ ಎಣ್ಣೆ, ಪುಡಿ, ಕಂಪಿಸುವ ಚಪ್ಪಲಿ ಯಾವುದಕ್ಕೂ ದುಡ್ಡು ಸುರಿಯಬೇಡಿ. ಲೇಬಲ್ ಇಲ್ಲದ ಪುಡಿ, ಪಾದರಸ ಸೀಸ ಸೇರಿದ ರಸೌಷಧ ಕೊಡಲೇಬೇಡಿ. ಆ ಲೋಹಗಳೇ ನರ ಮತ್ತು ಮೂತ್ರಪಿಂಡ ಎರಡನ್ನೂ ಕೆಡಿಸುತ್ತವೆ.

ಔಷಧಿ_ಕೌಂಟರ್

ಡಾಕ್ಟರ್ ಕಾರಣದ ಬಗ್ಗೆ ಹೇಳಿದ್ದಾರೆ. ನಾನು ಮಾತ್ರೆಗಳ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ಇಲ್ಲೇ ಬಹಳ ಜನ ಎಡವೋದು.

ಉರಿ ನೋವಿಗೆ ಕೊಡೋ ಮಾತ್ರೆ ನರವನ್ನ ರಿಪೇರಿ ಮಾಡಲ್ಲ, ಸದ್ದು ತಗ್ಗಿಸುತ್ತೆ ಅಷ್ಟೆ. ನೋವು ಮೂರರಲ್ಲಿ ಒಂದು ಪಾಲು ಅಥವಾ ಅರ್ಧ ತಗ್ಗಿ ನಿದ್ದೆ ಬಂದರೆ ಔಷಧ ಕೆಲಸ ಮಾಡ್ತಿದೆ ಅಂತಲೇ ಅರ್ಥ. ಪೂರ್ತಿ ಹೋಗ್ಲಿ ಅಂತ ಡೋಸ್ ಏರಿಸ್ತಾ ಹೋದರೆ ತಲೆಸುತ್ತಿ ಬೀಳೋದು ಮೊದಲು ಬರುತ್ತೆ. ಮುಖ್ಯವಾಗಿ ಮೂರು ಔಷಧ: ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗಾಬಾಲಿನ್. ಬ್ರಿಟನ್ನಿನಲ್ಲಿ ಮಾಡಿದ ಆಪ್ಷನ್-ಡಿಎಂ ಅನ್ನೋ ಅಧ್ಯಯನ 2022ರಲ್ಲಿ ಹೊರಬಂತು. ಮೂರರಲ್ಲಿ ಯಾವುದರಿಂದ ಶುರು ಮಾಡಿದರೂ ನೋವು ತಗ್ಗೋದು ಹೆಚ್ಚುಕಡಿಮೆ ಒಂದೇ, ಒಂದು ಸಾಲದಿದ್ದರೆ ಎರಡನೇದನ್ನ ಸೇರಿಸಿದಾಗ ಇನ್ನಷ್ಟು ತಗ್ಗುತ್ತೆ ಅಂತ ಅದರಲ್ಲಿ ಕಂಡಿದ್ದು. ಹಾಗಾಗಿ ಯಾವುದು ಅನ್ನೋದನ್ನ ರೋಗಿಯ ಬೇರೆ ಕಾಯಿಲೆ ನೋಡಿ ಆರಿಸಬೇಕು.

ನಿಮ್ಮ ಚಿಕ್ಕಪ್ಪನಿಗೆ ಪಾದ ಊದಿದೆ, ಆದ್ದರಿಂದ ಪ್ರಿಗಾಬಾಲಿನ್ ಏರಿಸೋದಕ್ಕಿಂತ ಡ್ಯುಲಾಕ್ಸೆಟಿನ್‌ಗೆ ಹೋಗಬಹುದಾ ಅಂತ ಡಾಕ್ಟರನ್ನ ಕೇಳಿ. 30 ಮಿ.ಗ್ರಾಂ ಊಟ ಆದಮೇಲೆ ಒಂದು ವಾರ, ಆಮೇಲೆ 60. ಮೊದಲ ವಾರ ವಾಕರಿಕೆ ಬರುತ್ತೆ, ಖಾಲಿ ಹೊಟ್ಟೆಗೆ ತಗೊಂಡರೆ ಜಾಸ್ತಿ. ಬಹಳ ಜನ ಮೂರನೇ ದಿನಕ್ಕೇ ಬಿಡ್ತಾರೆ, ಹತ್ತು ದಿನ ತಡೆದರೆ ಸಾಮಾನ್ಯವಾಗಿ ಹೋಗುತ್ತೆ. ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಬಾರದು. ಲಿವರ್ ಕಾಯಿಲೆ ಇದ್ದವರಿಗೆ ಆಗಲ್ಲ. ಟ್ರಾಮಡಾಲ್ ಅನ್ನೋ ನೋವಿನ ಮಾತ್ರೆ ಜೊತೆ ಬೇಡ. ಬಿಪಿ ಸ್ವಲ್ಪ ಏರಬಹುದು, ಎರಡು ವಾರಕ್ಕೊಮ್ಮೆ ನೋಡಿ.

ಅಮಿಟ್ರಿಪ್ಟಿಲಿನ್ ಅಗ್ಗದ್ದು, ಒಳ್ಳೇದು: 10 ಮಿ.ಗ್ರಾಂ ರಾತ್ರಿ, ವಾರಕ್ಕೊಮ್ಮೆ 10 ಏರಿಸಿ 50ರ ತನಕ. ಮಲಗೋ ಹೊತ್ತಿಗಲ್ಲ, ಎಂಟು ಗಂಟೆಗೆ ತಗೋಬೇಕು, ಇಲ್ಲದಿದ್ದರೆ ಬೆಳಗ್ಗೆ ಮಂಪರು. ಆದರೆ ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟೋವರಿಗೆ, ಕೆಲವು ಬಗೆಯ ಗ್ಲಾಕೋಮಾ, ಹೃದಯದ ಬಡಿತದ ತೊಂದರೆ ಇರೋರಿಗೆ ಬೇಡ. ಈ ವಯಸ್ಸಿನ ಗಂಡಸರನ್ನ ಪ್ರಾಸ್ಟೇಟ್ ಬಗ್ಗೆ ಕೇಳದೆ ಕೊಡಬಾರದು.

ಪ್ರಿಗಾಬಾಲಿನ್ ನಿಲ್ಲಿಸೋದಾದರೆ ದಿಢೀರ್ ಬೇಡ, ಒಂದು ವಾರವಾದರೂ ಇಳಿಸ್ತಾ ಬನ್ನಿ. ಕಿಡ್ನಿ ಕುಂದಿದ್ದರೆ ಅದರ ಡೋಸ್ ಅರ್ಧಕ್ಕೆ ಇಳಿಯುತ್ತೆ. ಕ್ರಿಯಾಟಿನಿನ್ ಅಂಕಿ ಒಂದನ್ನೇ ನೋಡಬೇಡಿ, ಕಿಡ್ನಿ ಎಷ್ಟು ಸೋಸುತ್ತೆ ಅಂತ ಹೇಳೋ ಇಜಿಎಫ್ಆರ್ ಕೇಳಿ.

ಈಗ ಮುಖ್ಯ ವಿಷಯ. ನಿಮ್ಮ ಹತ್ರ ಇರೋದು ಪ್ರಿಗಾಬಾಲಿನ್ ಮತ್ತು ಮೀಥೈಲ್‌ಕೋಬಾಲಮಿನ್ ಸೇರಿದ ಕ್ಯಾಪ್ಸೂಲ್. ಅದರಲ್ಲಿ ಸಾಮಾನ್ಯವಾಗಿ 750 ಮೈಕ್ರೋಗ್ರಾಂ ಇರುತ್ತೆ. ಉರಿ ತಗ್ಗಿತು ಅಂತ ಅದನ್ನ ನಿಲ್ಲಿಸಿದ ದಿನವೇ ಬಿ12 ಕೂಡ ನಿಂತುಹೋಗುತ್ತೆ, ಮನೆಯವರಿಗೆ ಗೊತ್ತೂ ಆಗಲ್ಲ. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಬೇರೆ ಬೇರೆ ತಗೊಂಡರೆ ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗಕ್ಕೆ ಸಿಗುತ್ತೆ.

ಮನೆಯಲ್ಲಿರೋ ಎಲ್ಲ ವಿಟಮಿನ್ ಸ್ಟ್ರಿಪ್‌ಗಳನ್ನ ಹರಡಿಕೊಂಡು ಹಿಂಬದಿ ಓದಿ, ಪಿರಿಡಾಕ್ಸಿನ್ ಅಂದರೆ ಬಿ6 ಎಷ್ಟೆಷ್ಟಿದೆ ಕೂಡಿಸಿ. ದಿನಕ್ಕೆ 100 ಮಿ.ಗ್ರಾಂ ದಾಟಿ ತಿಂಗಳುಗಟ್ಟಲೆ ನಡೆದರೆ ಆ ಬಿ6ಏ ನರ ಕೆಡಿಸಿ ಇದೇ ಜೋಮು ತರುತ್ತೆ, ಕೆಲವರಿಗೆ ಅದಕ್ಕಿಂತ ಕಡಿಮೆಯಲ್ಲೂ ಆಗುತ್ತೆ. ‘ನರಕ್ಕೆ ಒಳ್ಳೇದು’ ಅಂತ ಮೂರು ಬಗೆಯ ಮಾತ್ರೆ ಒಟ್ಟಿಗೆ ನುಂಗೋರು ಇದನ್ನ ಖಂಡಿತ ನೋಡಬೇಕು. ನರಕ್ಕೆ ಅಂತ ಮಾರೋ ಆಲ್ಫಾ ಲಿಪೊಯಿಕ್ ಆಸಿಡ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಬಾಯಿಗೆ ತಗೊಳ್ಳೋ ಮಾತ್ರೆ ಆರು ತಿಂಗಳು ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳೋ ಲಾಭ ಕಂಡಿಲ್ಲ. ಆ ದುಡ್ಡು ಚಪ್ಪಲಿಗೆ ಇಡಿ.

ಕ್ಯಾಪ್ಸೈಸಿನ್ ಮುಲಾಮು, ಮೆಣಸಿನಕಾಯಿಯ ಖಾರದ ಸಾರ, 0.075 ಶೇಕಡದ್ದು, ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ. ಮೊದಲ ಒಂದೆರಡು ವಾರ ಉರಿ ಹೆಚ್ಚೇ ಆಗುತ್ತೆ, ಅದು ಗೊತ್ತಿಲ್ಲದೆ ಎಲ್ಲರೂ ಬಿಡ್ತಾರೆ. ಚರ್ಮ ಬಿರಿದಿದ್ದರೆ ಹಚ್ಚಬಾರದು, ಹಚ್ಚಿದ ಕೈ ಸೋಪಿನಲ್ಲಿ ತೊಳೀಬೇಕು. ಸ್ಪರ್ಶವೇ ಹೋಗಿರೋ ಪಾದಕ್ಕೆ ನಾನಂತೂ ಸಲಹೆ ಕೊಡಲ್ಲ.

ಎಂಸಿಆರ್_ಮಂಡ್ಯ

ಚಪ್ಪಲಿ ಪ್ರಶ್ನೆಗೆ ಉತ್ತರ.

ಮೊದಲು ಪಾದಕ್ಕೆ ಎಷ್ಟು ಸ್ಪರ್ಶ ಉಳಿದಿದೆ ನೋಡಿಕೊಳ್ಳಿ, ಮನೆಯಲ್ಲೇ ಆಗುತ್ತೆ. ಅವರಿಗೆ ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳ ತುದಿಯಿಂದ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳು ಇವುಗಳ ತುದಿಯನ್ನ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಎರಡೂ ಪಾದ ಸೇರಿ ಆರು ಕಡೆ. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗಲಿಲ್ಲ ಅಂದ್ರೆ ಆ ಪಾದಕ್ಕೆ ಕಾವಲು ಇಲ್ಲ ಅಂತ ತಿಳ್ಕೊಳ್ಳಿ. ಆಸ್ಪತ್ರೇಲಿ ಇದನ್ನೇ 10 ಗ್ರಾಂ ಮೊನೊಫಿಲಮೆಂಟ್ ಅನ್ನೋ ನೈಲಾನ್ ಎಳೆಯಿಂದ ನೋಡ್ತಾರೆ.

ಸ್ಪರ್ಶ ಹೋಗಿದ್ದರೆ ಹವಾಯಿ ಚಪ್ಪಲಿ ಬಿಡಿಸಿ. ಹವಾಯಿ ನಿಲ್ಲೋದೇ ಬೆರಳ ಸಂದಿನ ಪಟ್ಟಿಯಿಂದ. ಜಾರದಿರಲಿ ಅಂತ ಬೆರಳು ಮಡಚಿ ಹಿಡಿದೇ ನಡೀಬೇಕು, ಸಂದಿನಲ್ಲಿ ಉಜ್ಜಿ ಗಾಯ ಆಗುತ್ತೆ, ಜಾರಿ ಬಿದ್ದರೂ ಗೊತ್ತಾಗಲ್ಲ, ಬರಿಗಾಲಲ್ಲೇ ನಡೆದುಬಿಡ್ತಾರೆ. ಬೇಕಿರೋದು ಎಂಸಿಆರ್ ಚಪ್ಪಲಿ, ಮೈಕ್ರೋಸೆಲ್ಯುಲರ್ ರಬ್ಬರ್. ಪಾದದ ಕೆಳಗೆ 10 ಮಿ.ಮೀ. ಮೃದು ಎಂಸಿಆರ್, ಅದರ ಕೆಳಗೆ ಮುಳ್ಳು ತೂರದ ಗಟ್ಟಿ ರಬ್ಬರ್. ಮುಂದೆ ಎರಡು ವೆಲ್ಕ್ರೋ ಪಟ್ಟಿ, ಊತಕ್ಕೆ ತಕ್ಕ ಹಾಗೆ ಬಿಡಿಸಿ ಬಿಗಿ ಮಾಡೋಕೆ. ಹಿಮ್ಮಡಿ ಹಿಂದೆ ಒಂದು ಪಟ್ಟಿ ಇರಲೇಬೇಕು. ಬೆರಳ ಸಂದಿಗೆ ಏನೂ ಇರಬಾರದು. ಅಂಟು ಮತ್ತು ಹೊಲಿಗೆಯಿಂದ ಮಾಡಿಸಿ, ಮೊಳೆ ಹೊಡೆಸಬೇಡಿ, ಸವೆದ ಮೇಲೆ ಮೊಳೆ ಮೇಲಕ್ಕೆ ಬರುತ್ತೆ.

ಅಂಗಡೀಲಿ ಎಂಸಿಆರ್ ಅಂತ ಗಟ್ಟಿ ಫೋಮ್ ಕೊಡೋದುಂಟು. ಪರೀಕ್ಷೆ ಸುಲಭ: ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡೀರಿ. ದಪ್ಪ ಅರ್ಧಕ್ಕೆ ಇಳಿದು, ಬಿಟ್ಟ ತಕ್ಷಣ ಮೊದಲಿನ ಹಾಗೆ ಮೇಲೆ ಬರಬೇಕು. ಇಳಿಯದಿದ್ದರೆ ಗಟ್ಟಿ, ವಾಪಸ್ ಬರದಿದ್ದರೆ ಸತ್ತ ರಬ್ಬರ್. ಗದ್ದೆಗೆ ಓಡಾಡೋರಿಗೆ ಆರು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತೆ.

ಅಳತೆಯನ್ನ ಸಂಜೆ ಕೊಡಿ, ಆಗ ಪಾದ ಪೂರ್ತಿ ಊದಿರುತ್ತೆ. ನಿಂತಾಗ ಪೇಪರ್ ಮೇಲೆ ಪಾದದ ಗೆರೆ ಎಳೆದು ಒಯ್ಯಿರಿ. ಉದ್ದ ಬೆರಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ‘ಹಾಕ್ಕೊಂಡರೆ ಹಿತವಾಗಿದೆಯಾ’ ಅಂತ ಅವರನ್ನ ಕೇಳಿ ಪ್ರಯೋಜನ ಇಲ್ಲ, ಸ್ಪರ್ಶ ಇಲ್ಲದವರು ಬಿಗಿ ಇರೋದನ್ನೇ ಸರಿ ಅಂತಾರೆ. ಮೊದಲ ದಿನ ಅರ್ಧ ಗಂಟೆ ಹಾಕಿಸಿ ಬಿಚ್ಚಿ ನೋಡಿ. ಕೆಂಪಾದ ಜಾಗ ಇಪ್ಪತ್ತು ನಿಮಿಷಕ್ಕೂ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ, ಸರಿ ಮಾಡಿಸಿ. ದಿನಕ್ಕೆ ಒಂದೊಂದು ಗಂಟೆ ಏರಿಸ್ತಾ ಹೋಗಿ.

ಈ ರಬ್ಬರ್ ಚಪ್ಪಲಿ ಬಂದಿದ್ದು ಕುಷ್ಠ ರೋಗಿಗಳ ಪಾದ ಉಳಿಸೋಕೆ. ರೋಗಕ್ಕಿಂತ, ನೋವೇ ಗೊತ್ತಾಗದಿರೋದು ಪಾದವನ್ನ ತಿಂದುಹಾಕುತ್ತೆ ಅಂತ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅನ್ನೋ ಸರ್ಜನ್ ತೋರಿಸಿಕೊಟ್ಟರು. ಸಕ್ಕರೆಯ ಪಾದಕ್ಕೂ ಅದೇ ಅನ್ವಯ.

ಕಬ್ಬಿನ ಗದ್ದೇಲಿ ಕೂಳೆ ಚುಚ್ಚಿದರೆ ಎಂಸಿಆರ್ ಒಂದೇ ಸಾಲದು, ಮುಂಭಾಗ ಮುಚ್ಚಿದ್ದು ಬೇಕು. ಗಂಬೂಟ್ ಹಾಕೋದಾದರೆ ಒಂದು ಸೈಜ್ ದೊಡ್ಡದು, ಒಳಗೆ ಬಿಳಿ ಕಾಟನ್ ಸಾಕ್ಸ್, ಹೊಲಿಗೆ ಹೊರಗೆ ಬರೋ ಹಾಗೆ ತಿರುಗಿಸಿ. ಬಿಳಿ ಯಾಕಂದ್ರೆ ರಕ್ತ, ಕೀವು ಆದರೆ ಕಾಣುತ್ತೆ. ಹಾಕೋ ಮುಂಚೆ ಪ್ರತಿ ಸಲ ಒಳಗೆ ಕೈಹಾಕಿ ಕಲ್ಲು, ಕಡ್ಡಿ ನೋಡಿ. ಭತ್ತದ ನೀರಲ್ಲಿ ನಿಂತು ಬಂದರೆ ಬೆರಳ ಸಂದು ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ ಅಂಗಾಲು ಹಿಮ್ಮಡಿಗೆ ಹಚ್ಚಿ, ಸಂದಿಗೆ ಬೇಡ. ದಡ್ಡುಗಟ್ಟಿದ ಚರ್ಮವನ್ನ ಬ್ಲೇಡಿನಲ್ಲಿ ಕೆತ್ತಬೇಡಿ, ಆಣಿಗೆ ಅಂಟಿಸೋ ಔಷಧದ ಪಟ್ಟಿಯನ್ನೂ ಹಾಕಬೇಡಿ. ಅದರಲ್ಲಿರೋ ಆಸಿಡ್ ಒಳ್ಳೆ ಚರ್ಮವನ್ನೂ ತಿನ್ನುತ್ತೆ.

ಪಾಂಡವಪುರದವ

ಎಲ್ಲರಿಗೂ ಧನ್ಯವಾದ. ಬೆರಳು ಮುಟ್ಟಿ ನೋಡಿದೆ, ಆರರಲ್ಲಿ ನಾಲ್ಕು ಕಡೆ ಗೊತ್ತಾಗಲಿಲ್ಲ. ಇನ್ನೂ ಮೂರು ವಿಷಯ. ಚಿಕ್ಕಮ್ಮ ರಾತ್ರಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಡಿಸ್ತಾರೆ, ಮುಂದುವರಿಸಬಹುದಾ? ಬಚ್ಚಲಲ್ಲಿ ಮುಖಕ್ಕೆ ಸೋಪು ಹಾಕಿದಾಗ ವಾಲಿದ ಹಾಗೆ ಆಗುತ್ತಂತೆ, ಅದೂ ಇದಕ್ಕೇ ಸೇರಿದ್ದಾ? ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಬರಿಗಾಲಲ್ಲಿ ಹತ್ತೋ ಹರಕೆ ಇದೆ, ಊರ ಹಬ್ಬದಲ್ಲಿ ಕೊಂಡ ಹಾಯೋದೂ ಇದೆ. ಬೇಡ ಅಂದರೆ ಕೇಳಲ್ಲ.

ಫಿಸಿಯೋ_ಸರಸ್ವತಿಪುರಂ

ಸೋಪು ಹಾಕಿದಾಗ ವಾಲುವುದು ಇದಕ್ಕೇ ಸೇರಿದ್ದು. ಪಾದ ಎಲ್ಲಿದೆ, ನೆಲ ಹೇಗಿದೆ ಎಂಬ ಸುದ್ದಿ ನರದಿಂದ ಬರುತ್ತಿಲ್ಲ, ಅವರು ಕಣ್ಣಿನಿಂದ ಸರಿದೂಗಿಸುತ್ತಿದ್ದಾರೆ. ಕಣ್ಣು ಮುಚ್ಚಿದ ಕ್ಷಣ ಆಧಾರ ಹೋಗುತ್ತದೆ. ಬಚ್ಚಲಲ್ಲಿ ಇಂದಿನಿಂದಲೇ ಸ್ಟೂಲ್ ಹಾಕಿ ಕೂತು ಸ್ನಾನ ಮಾಡಲಿ, ಗೋಡೆಗೆ ಹಿಡಿ ಹಾಕಿಸಿ, ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ದೀಪ ಉರಿಯಲಿ. ಬಿ12 ಕೊರತೆ ಬೆನ್ನುಹುರಿಯ ಹಿಂಬದಿಯನ್ನೂ ಕೆಡಿಸಬಲ್ಲದು, ಅದರಲ್ಲೂ ಹೀಗೇ ವಾಲುತ್ತದೆ. ಮುಂದಿನ ಭೇಟಿಯಲ್ಲಿ ಈ ವಾಲುವ ಮಾತು ಹೇಳಲೇಬೇಕು. ಡಾಕ್ಟರ್ 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ತಿಳಿಯುತ್ತದೆಯೇ ನೋಡುತ್ತಾರೆ, ಮಂಡಿ ತಟ್ಟಿ ನೋಡುತ್ತಾರೆ.

ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅದು ಬೇರೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೇಲೆ ಒಂದನೇ ನಿಮಿಷ, ಮೂರನೇ ನಿಮಿಷ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬಿಪಿ ಹಿಡಿದಿಡುವ ನರಗಳೂ ಕುಂದಿವೆ ಎಂದು ಅನುಮಾನಿಸಬೇಕು.

ವ್ಯಾಯಾಮಕ್ಕೆ ಗಾಯ ಇಲ್ಲದಿದ್ದರೆ ಅಡ್ಡಿಯಿಲ್ಲ, ಮಾಡಲೇಬೇಕು. ಅಡುಗೆಮನೆ ಕಟ್ಟೆ ಹಿಡಿದು, ಚಪ್ಪಲಿ ಹಾಕಿಕೊಂಡು: ಹಿಮ್ಮಡಿ ಎತ್ತಿ ಇಳಿಸುವುದು 10 ಸಲ, ಪಾದದ ಮುಂಭಾಗ ಎತ್ತುವುದು 10 ಸಲ, ಕುರ್ಚಿಯಿಂದ ಕೈ ಊರದೆ ಏಳುವುದು 10 ಸಲ. ಆಮೇಲೆ ಒಂದು ಕಾಲಲ್ಲಿ ನಿಲ್ಲುವುದು, 10 ಸೆಕೆಂಡಿನಿಂದ 30ಕ್ಕೆ ಏರಿಸಿ. ಕೊನೆಗೆ ಹಿಮ್ಮಡಿಗೆ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಡೆಯುವುದು, ಪಕ್ಕದಲ್ಲಿ ಯಾರಾದರೂ ಇರಲಿ. ದಿನಕ್ಕೆ ಎರಡು ಸುತ್ತು. ಜೊತೆಗೆ ವಾರಕ್ಕೆ 150 ನಿಮಿಷ ನಡಿಗೆ, ಸಮತಟ್ಟು ದಾರಿಯಲ್ಲಿ. ಮೊದಲು ಸುಧಾರಿಸುವುದು ಸ್ಪರ್ಶವಲ್ಲ, ನಿಲುವು. ಆರೆಂಟು ವಾರದಲ್ಲಿ ಅದು ಕಾಣುತ್ತದೆ. ಚರ್ಮದ ಮೇಲಿಂದ ಹಗುರ ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರ ಕೆಲವರಿಗೆ ನೋವು ತಗ್ಗಿಸುತ್ತದೆ, ಆದರೆ ಜೋಮಾದ ಅಂಗಾಲಿಗೆ ಪ್ಯಾಡ್ ಹಚ್ಚಿದರೆ ಚರ್ಮ ಸುಡುವುದು ತಿಳಿಯುವುದಿಲ್ಲ, ಇವರಿಗೆ ಬೇಡ. ಬಿಸಿ ಆಗುವ ಮಸಾಜ್ ಯಂತ್ರ ಕೂಡ ಬೇಡ.

ಮೈಸೂರು_ಫಿಜಿಶಿಯನ್

ಆರರಲ್ಲಿ ನಾಲ್ಕು ಅಂದರೆ ಅವರ ಪಾದ ಅಪಾಯದಲ್ಲಿದೆ. ಉರಿ ಕಾಡುತ್ತದೆ, ಆದರೆ ಕಾಲು ಕಳೆಯುವುದು ಉರಿಯಲ್ಲ, ಜೋಮು.

ಬಿಸಿನೀರು ಇಂದೇ ನಿಲ್ಲಿಸಿ. ಚಿಕ್ಕಮ್ಮ ಅಕ್ಕರೆಯಿಂದಲೇ ಮಾಡುತ್ತಿದ್ದಾರೆ. ನೀರು ಸುಡುತ್ತಿದೆ ಎಂದು ಹೇಳಬೇಕಾದ ಕಾಲು ಹೇಳುತ್ತಿಲ್ಲ, ಅಷ್ಟೇ ತೊಂದರೆ. ಉಪ್ಪುನೀರಲ್ಲಿ ನೆನೆದರೆ ಚರ್ಮವೂ ಒಣಗಿ ಬಿರಿಯುತ್ತದೆ. ಇದ್ದಿಲ ಶಾಖ, ಹಾಟ್ ವಾಟರ್ ಬ್ಯಾಗ್ ಯಾವುದೂ ಬೇಡ. ಅವರಿಗೆ ಏನಾದರೂ ಮಾಡಲೇಬೇಕೆನಿಸಿದರೆ ರಾತ್ರಿ ದಿನವೂ ಬೆಳಕಲ್ಲಿ ಕೂರಿಸಿ ಅಂಗಾಲು, ಹಿಮ್ಮಡಿ, ಪ್ರತಿ ಸಂದು ನೋಡಿ, ಎಣ್ಣೆ ಸವರಲಿ. ಆ ನೋಟಕ್ಕಿಂತ ದೊಡ್ಡ ಔಷಧ ಈ ಪಾದಕ್ಕಿಲ್ಲ. ಹೊದಿಕೆ ತಾಗದಂತೆ ಮಂಚದ ಕಾಲ್ದೆಸೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಅದರ ಮೇಲೆ ಹೊದಿಸಿ.

ಕೊಂಡ ಖಂಡಿತ ಬೇಡ, ಇದರಲ್ಲಿ ರಾಜಿಯಿಲ್ಲ. ಸ್ಪರ್ಶ ಇದ್ದವನು ಕೆಂಡ ಅಂಟಿದರೆ ಒಡನೆ ಕೊಡವುತ್ತಾನೆ. ಇವರಿಗೆ ಅಂಟಿದ್ದೇ ತಿಳಿಯದು, ಸುಟ್ಟ ಗಾಯ ಮೂಳೆಯ ತನಕ ಇಳಿಯಬಹುದು. ಮನೆಯ ಇನ್ನೊಬ್ಬರು ಅವರ ಹೆಸರಲ್ಲಿ ಸೇವೆ ಸಲ್ಲಿಸಲು ಆಗುತ್ತದೆಯೇ ಎಂದು ಊರ ಹಿರಿಯರನ್ನೂ ಪೂಜಾರಿಯನ್ನೂ ಕೇಳಿ. ವೈದ್ಯರ ಮಾತಿಗಿಂತ ಅವರ ಮಾತು ಚಿಕ್ಕಪ್ಪನವರಿಗೆ ತಾಗೀತು. ಬೆಟ್ಟಕ್ಕೆ ಹೋಗಲಿ, ಬಸ್ಸಿನಲ್ಲಿ. ಆಷಾಢದ ಮಳೆಗೆ ಮೆಟ್ಟಿಲು ಒದ್ದೆ, ನೂಕುನುಗ್ಗಲು ಬೇರೆ, ವಾಲುವವರಿಗೆ ಅದು ದಾರಿಯಲ್ಲ. ಚಪ್ಪಲಿ ಬಿಡುವ ಕಡೆ ದಪ್ಪ ಕಾಟನ್ ಸಾಕ್ಸ್ ಇರಲಿ. ಬೇಸಿಗೆಯಲ್ಲಿ ಮೇಲುಕೋಟೆ, ನಂಜನಗೂಡು ಎಲ್ಲೇ ಹೋದರೂ ಕಲ್ಲು ಕಾಯುವ ಮೊದಲೇ, ಬೆಳಗ್ಗೆ ಎಂಟರೊಳಗೆ ದರ್ಶನ ಮುಗಿಸಿ.

ಒಂದು ಪಾದ ಮಾತ್ರ ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿ, ಹೆಚ್ಚು ನೋವಿಲ್ಲದೆ ಊದಿದರೆ ಉಳುಕು ಎಂದು ನೀವಿಸಬೇಡಿ. ಅದು ಶಾರ್ಕೋ ಪಾದ ಇರಬಹುದು, ಮೂಳೆ ಒಳಗೇ ಪುಡಿಯಾಗುತ್ತಿರುತ್ತದೆ, ಶುರುವಿನ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆ ಕಾಲು ನೆಲಕ್ಕೆ ಊರದಂತೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಲ ಕುಂದುವುದು ದಿನದಿಂದ ದಿನಕ್ಕೆ ಮೇಲೇರಿ, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಗಿಯಾನ್-ಬಾರೆ ಎಂಬ ನರದ ಕಾಯಿಲೆ ಇರಬಹುದು, ತುರ್ತು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ, ರಾತ್ರಿಯಾದರೂ ಸರಿ.

ಗಾಯ ಕಂಡ ದಿನ ಮಾಡಬೇಕಾದ್ದು: ಶುದ್ಧವಾದ ನೀರಲ್ಲಿ ತೊಳೆಯಿರಿ, ಒಣ ಗಾಜ್ ಸುತ್ತಿ. ಅರಿಶಿನ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಡಿ. ಆ ಕಾಲಿನ ಮೇಲೆ ಭಾರ ಬಿಡದಂತೆ ನೋಡಿಕೊಂಡು 24 ಗಂಟೆಯೊಳಗೆ ತೋರಿಸಿ. ಗಾಯದ ಸುತ್ತ ಕೆಂಪು ಎರಡು ಸೆಂಟಿಮೀಟರ್ ದಾಟಿದ್ದರೆ, ವಾಸನೆ ಅಥವಾ ಜ್ವರ ಇದ್ದರೆ ಬೆಳಗಿನ ತನಕ ಕಾಯಬೇಡಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು, ಹೊತ್ತು ಬರೆದುಕೊಂಡು ಹೊರಡಿ. ಆಸ್ಪತ್ರೆ ಸೇರುವಷ್ಟರಲ್ಲಿ ಅದು ಗೆರೆ ದಾಟಿದೆಯೋ ಇಲ್ಲವೋ ಎಂಬುದು ಅಲ್ಲಿನ ಡಾಕ್ಟರಿಗೆ ಬಹಳ ಉಪಯೋಗ.